ಚಟಾಯಿ ಗೋಡೆಯ ಊರು

ನಮ್ಮ ಸೊಸೆ ಪೋಲಿಷ್ ಮನೆತನದವಳು, ಹುಟ್ಟಿ ಬೆಳೆದದ್ದು ಇಂಗ್ಲೆಂಡಿನಲ್ಲಿ. ಮಗ ಕಲಿಸಿದ ‘ಮಾವಾರ’ ಒಂದನ್ನು ಬಿಟ್ಟರೆ ಮಾತೆಲ್ಲ ಇಂಗ್ಲಿಷೇ. ಮೊದಲ ಸಲ ಬೆಳಗಾವಿಗೆ ಬಂದಾಗ ಒಂದು ಹಳೆಯ ಫೋಟೋ ತೆಗೆದು ನನ್ನ ಮುಂದಿಟ್ಟಳು. ಉದ್ದನೆಯ ಹಂಚಿನ ಮನೆ, ಅದರ ಮುಂದೆ ಬರಿಗಾಲಲ್ಲಿ ನಿಂತ ಮೂವರು ಹುಡುಗಿಯರು. ಹಿಂದೆ ಪೆನ್ಸಿಲ್ಲಿನಲ್ಲಿ ‘ವಳಿವಡೆ, 1944’. ನಡುವಿನ ಹುಡುಗಿ ಅವಳ ಅಜ್ಜಿ.

ವಳಿವಡೆ ಅಂದರೆ ಕೊಲ್ಹಾಪುರದ ಪಕ್ಕದ ಹಳ್ಳಿ. ಮಹಾಲಕ್ಷ್ಮಿಯ ದರ್ಶನಕ್ಕೆ, ಚಪ್ಪಲಿ ಕೊಳ್ಳಲಿಕ್ಕೆ ಅಂತ ನಲವತ್ತು ವರ್ಷದಿಂದ ಆ ದಾರಿಯಲ್ಲಿ ಓಡಾಡಿದ ನನಗೆ ಅಲ್ಲಿ ಸುಮಾರು ಐದು ಸಾವಿರ ಪೋಲಿಷರು ಐದು ವರ್ಷ ಬದುಕಿದ್ದರು ಅನ್ನುವುದೇ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಮರುದಿನ ಬೆಳಿಗ್ಗೆಯೇ ಗಾಡಿ ತೆಗೆದೆ. ಮನೆಯವಳು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ಸಂಕೇಶ್ವರ, ನಿಪ್ಪಾಣಿ, ಕಾಗಲ್. ದಾರಿಯುದ್ದಕ್ಕೂ ಅವಳು ಅಜ್ಜಿಯ ಕತೆ ಹೇಳಿದಳು. 1940ರ ಫೆಬ್ರವರಿಯ ಒಂದು ರಾತ್ರಿ ಸೋವಿಯತ್ ಸೈನಿಕರು ಬಾಗಿಲು ಬಡಿದರು. ಪೂರ್ವ ಪೋಲೆಂಡಿನ ಆ ಕುಟುಂಬವನ್ನು ದನ ಸಾಗಿಸುವ ರೈಲುಡಬ್ಬಿಯಲ್ಲಿ ತುಂಬಿ ಆರ್ಖಾಂಗೆಲ್ಸ್ಕ್ ಕಡೆಯ ಕಾಡಿಗೆ, ಮರ ಕಡಿಯುವ ಕೆಲಸಕ್ಕೆ ಒಯ್ದರು. ಮರುವರ್ಷ ಹಿಟ್ಲರ್ ರಷ್ಯಾದ ಮೇಲೆ ಏರಿಹೋದ ಮೇಲೆ ಸ್ಟಾಲಿನ್ ಈ ಜನರನ್ನು ಬಿಟ್ಟ. ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನ್, ಅಲ್ಲಿಂದ ಕರಾಚಿ, ಕರಾಚಿಯಿಂದ ವಳಿವಡೆ. ಅಪ್ಪ ಕಾಡಿನಲ್ಲೇ ತೀರಿಕೊಂಡಿದ್ದ, ಅಣ್ಣ ಪೋಲಿಷ್ ಜನರಲ್ ಆಂಡರ್ಸ್ ಕಟ್ಟಿದ ಸೈನ್ಯ ಸೇರಿದ್ದ. ವಳಿವಡೆಗೆ ಬಂದು ಮುಟ್ಟಿದ್ದು ತಾಯಿ, ಮಗಳು ಇಬ್ಬರೇ.

ವಾಟ್ಸಾಪಿನಲ್ಲಿ ಓಡಾಡುವ ಸಂದೇಶಗಳು ಎರಡು ಶಿಬಿರಗಳನ್ನು ಕಲಸಿಬಿಡುತ್ತವೆ. ಜಾಮ್‌ನಗರದ ಮಹಾರಾಜ ದಿಗ್ವಿಜಯಸಿಂಹಜಿ ಆಸರೆ ಕೊಟ್ಟದ್ದು ಬಾಲಾಚಡಿಯಲ್ಲಿ, ಮಕ್ಕಳಿಗೆ. ವಳಿವಡೆಯದು ಬೇರೆ, 1943ರಲ್ಲಿ ಎದ್ದ ದೊಡ್ಡ ವಸತಿ. ಖರ್ಚು ದೇಶ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ ಪೋಲಿಷ್ ಸರ್ಕಾರದ್ದು. ಅಲ್ಲಿ ಶಾಲೆ, ಚರ್ಚು, ಸಿನಿಮಾ ಎಲ್ಲ ಇದ್ದವು. 1945ರ ಜುಲೈನಲ್ಲಿ ಬ್ರಿಟನ್ ಆ ಸರ್ಕಾರಕ್ಕೆ ಕೊಟ್ಟ ಮನ್ನಣೆಯನ್ನೇ ಹಿಂತೆಗೆದುಕೊಂಡಿತು. ಯುದ್ಧ ಮುಗಿದಿತ್ತು, ಆದರೆ ಅಜ್ಜಿಯ ಊರು ಈಗ ಸೋವಿಯತ್ ಒಕ್ಕೂಟದೊಳಗೆ. ಎಲ್ಲಿಗಂತ ಹೋಗಬೇಕು?

ಕೊಲ್ಹಾಪುರದಲ್ಲಿ ಮೊದಲು ಮಹಾವೀರ ಉದ್ಯಾನದ ಸ್ಮಾರಕ ನೋಡಿದೆವು. ಸುತ್ತ ಕಾಲೇಜು ಹುಡುಗರು ಮೊಬೈಲು ಹಿಡಿದು ಕೂತಿದ್ದರು. ಪೋಲಿಷ್ ಸಮಾಧಿಗಳಿರುವ ಸ್ಮಶಾನದ ಗೇಟಿಗೆ ಬೀಗ. ಕೀಲಿಕೈ ಇದ್ದವನು ಊಟಕ್ಕೆ ಹೋಗಿದ್ದ, ಮೂರೂವರೆಯಾದರೂ ಬರಲಿಲ್ಲ. ಅವಳು ಬೇಲಿಯ ಸಂದಿನಲ್ಲೇ ಇಣುಕಿದಳು.

ಹೆದ್ದಾರಿಯಿಂದ ಉಚಗಾಂವದ ಹತ್ತಿರ ಒಳಗೆ ತಿರುಗಿದರೆ ಗಾಂಧಿನಗರ. ಹೋಲ್‌ಸೇಲ್ ಬಟ್ಟೆಪೇಟೆ. ಸೀರೆಯ ಗಂಟು, ಟೆಂಪೋ, ಹಮಾಲರು, ಹಾರ್ನು. ಶಿಬಿರ ಇದ್ದದ್ದು ಇಲ್ಲೇ. 1948ರಲ್ಲಿ ಪೋಲಿಷರು ಹೋದ ಮೇಲೆ, ದೇಶ ಒಡೆದಾಗ ಮನೆಮಾರು ಬಿಟ್ಟು ಬಂದ ಸಿಂಧಿಗಳಿಗೆ ಸರ್ಕಾರ ಅದೇ ಬ್ಯಾರಕ್ಕುಗಳನ್ನು ಕೊಟ್ಟಿತು. ಅಜ್ಜಿ ಕರಾಚಿ ಕಡೆಯಿಂದ ಬಂದು ಖಾಲಿ ಮಾಡಿದ ಮನೆಗೆ ಕರಾಚಿ ಕಡೆಯವರೇ ಬಂದು ಸೇರಿದರು.

ಒಂದು ಬೆಡ್‌ಶೀಟ್ ಅಂಗಡಿಯಲ್ಲಿ ಫೋಟೋ ತೋರಿಸಿದೆ. ಮಾಲೀಕ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದ, ಆಮೇಲೆ ನಮ್ಮನ್ನು ಅಂಗಡಿಯ ಹಿಂದಿನ ಮನೆಗೆ ಕರೆದೊಯ್ದ. ಮಂಚದ ಮೇಲೆ ಅವನ ತಾಯಿ. ಮೂರು ವರ್ಷದವಳಿದ್ದಾಗ ಇಲ್ಲಿಗೆ ಬಂದವರಂತೆ. ಫೋಟೋವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಹುಡುಗಿಯರ ಮೇಲೆ ಅವರ ಕಣ್ಣೇ ಹೋಗಲಿಲ್ಲ. ಬೆರಳು ಹಂಚಿನ ಮೇಲೆ, ಕಲ್ಲಿನ ಕಟ್ಟೆಯ ಮೇಲೆ, ಗೋಡೆಯ ಮೇಲೆ ಹರಿದಾಡಿತು.

‘ಚಟಾಯಿ’ ಎಂದರು. ‘ಸಬ್ ಚಟಾಯಿ ಥಾ.’

ಸೊಸೆ ನನ್ನ ತೋಳು ಹಿಡಿದಳು. ಹಿಂದಿ ಒಂದಕ್ಷರ ಬಾರದವಳಿಗೆ ಆ ಪದ ಗೊತ್ತಿತ್ತು. ಅವರ ಮನೆಯಲ್ಲಿ ತೆಳ್ಳಗಿನ ಗೋಡೆಗೆಲ್ಲ ‘ಚಟಾಯಿ’ ಅನ್ನುವುದೇ ವಾಡಿಕೆಯಂತೆ. ಶಿಬಿರದಲ್ಲಿ ಬಿದಿರ ಚಾಪೆಯ ಗೋಡೆಯಾಚೆ ಪಕ್ಕದ ಮನೆಯವರು ಜಪಮಣಿ ಎಣಿಸುತ್ತ ಪಿಸುಗುಡುವುದೂ ಅಜ್ಜಿಗೆ ಕೇಳುತ್ತಿತ್ತು. ಆಮೇಲೆ ಇಂಗ್ಲೆಂಡಿನಲ್ಲಿ ಪೋಲಿಷರನ್ನಿಟ್ಟ ಇನ್ನೊಂದು ಶಿಬಿರದಲ್ಲಿ, ಅರ್ಧಗೋಲದ ತಗಡಿನ ಮನೆಯೊಳಗಿನ ಅಡ್ಡಗೋಡೆಗೂ ಆಕೆ ಅದೇ ಹೆಸರಿಟ್ಟಳು. ‘ಅದು ಪೋಲಿಷ್ ಪದ ಅಂತಲೇ ತಿಳಿದಿದ್ದೆ ಮಾವಾರ’ ಎಂದಳು.

ಯಾವ ಬ್ಯಾರಕ್, ಎಷ್ಟನೇ ನಂಬರು, ಅದೊಂದೂ ಪತ್ತೆಯಾಗಲಿಲ್ಲ. ಆಗುವಂತೆಯೂ ಇರಲಿಲ್ಲ, ಎಲ್ಲೆಲ್ಲೂ ಮೂರಂತಸ್ತಿನ ಕಾಂಕ್ರೀಟು. ಮಾಲೀಕ ಫೋಟೋದ ನಕಲು ಕೇಳಿದ. ಅವರು ಬಂದ ಹೊಸತರಲ್ಲಿ ಕ್ಯಾಮೆರಾ ಯಾರ ಹತ್ತಿರ ಇತ್ತು? ಆ ಮನೆಯ ಚಿತ್ರ ಅವರಲ್ಲಿ ಒಂದೂ ಇರಲಿಲ್ಲ. ಸೊಸೆ ಅಲ್ಲೇ ಮೊಬೈಲಿನಲ್ಲಿ ತೆಗೆದು ಕಳಿಸಿದಳು. ಮುದುಕಿ ಮಗನ ಫೋನು ಕಸಿದುಕೊಂಡು, ಎರಡು ಬೆರಳಿನಿಂದ ಹಿಗ್ಗಿಸಿ, ಬಾಗಿಲು ಯಾವ ಕಡೆ ಇತ್ತು ಅಂತ ಅವನಿಗೆ ತೋರಿಸತೊಡಗಿದರು. ನಾವು ಎದ್ದು ಹೊರಟದ್ದನ್ನು ಅವರು ಗಮನಿಸಲೇ ಇಲ್ಲ.