ಎಲ್ ಕಾವೇರಿ, ಲಾ ಕಾವೇರಿ

ನಾನು ಸ್ಪ್ಯಾನಿಷ್ ಕ್ಲಾಸಿಗೆ ಸೇರಿದ್ದು ಒಂದು ಹುಳದ ದೆಸೆಯಿಂದ.

ಆ ವರ್ಷ ನಮ್ಮ ಕಾಫಿ ತೋಟದಲ್ಲಿ ಹಣ್ಣು ಕೊರೆಯುವ ಬೆರ್ರಿ ಬೋರರ್ ವಿಪರೀತ. ಹಣ್ಣಿನ ತುದಿಯಲ್ಲಿ ಸೂಜಿ ಚುಚ್ಚಿದ ಹಾಗೆ ತೂತು, ಒಡೆದರೆ ಬೀಜದೊಳಗೆ ಸಾಸಿವೆ ಕಾಳಿಗಿಂತ ಚಿಕ್ಕ ಕರಿ ಹುಳ. ಕಾಫಿ ಬೆಳೆಯುವವರಿಗೆ ಇದನ್ನು ವಿವರಿಸಬೇಕಿಲ್ಲ, ಬೆಳೆಯದವರಿಗೆ ವಿವರಿಸಿದರೂ ಆ ಸಂಕಟ ತಲುಪುವುದಿಲ್ಲ. ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದು ಹುಡುಕುತ್ತಾ ಕೂತಾಗ ಕೊಲಂಬಿಯಾದ ಒಬ್ಬ ಬೆಳೆಗಾರನ ವಿಡಿಯೋ ಸಿಕ್ಕಿತು. ಕಡಿದಾದ ಇಳಿಜಾರು, ಕಾಲಿಗೆ ಗಂಬೂಟು, ಅಂಗೈಯಲ್ಲಿ ನಾಲ್ಕು ತೂತು ಬಿದ್ದ ಹಣ್ಣು. ಮುಖ ನೋಡಿದರೆ ಥೇಟ್ ನಮ್ಮ ಮನೆಯವರೇ, ಅದೇ ಸಿಟ್ಟು. ಮಾತು ಮಾತಿಗೆ 'ಲ ಬ್ರೋಕ, ಲ ಬ್ರೋಕ' ಅನ್ನುತ್ತಿದ್ದ.

ಬ್ರೋಕ! ನಾವು ತೋಟದಲ್ಲಿ ಕಟ್ಟುವ ಬೋರರ್ ಬೋನಿಗೆ ಬ್ರೋಕಾ ಟ್ರ್ಯಾಪ್ ಅಂತಲೇ ಹೆಸರು. ಅದು ತಯಾರಿಸಿದ ಕಂಪನಿಯ ಹೆಸರಿರಬೇಕು ಅಂದುಕೊಂಡು ಇಷ್ಟು ವರ್ಷ ಕಳೆದಿದ್ದೆ. ನೋಡಿದರೆ ಸ್ಪ್ಯಾನಿಷಿನಲ್ಲಿ ಆ ಹುಳದ ಹೆಸರೇ ಬ್ರೋಕ. ಡ್ರಿಲ್ ಮಿಷನ್ನಿನ ತುದಿಗೆ ಹಾಕುತ್ತಾರಲ್ಲ ತೂತು ಕೊರೆಯುವ ಬಿಟ್, ಅದಕ್ಕೂ ಅದೇ ಪದ. ಹುಳ ಅವರಲ್ಲಿಗೆ ಬಂದದ್ದು 1988ರಲ್ಲಿ, ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗುಡಲೂರಿನ ಕಡೆ. ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಶುರುವಾದ ಗೋಳು.

ಆತ ಹೇಳುವುದು ಅರ್ಥವಾಗಲಿ ಅಂತ ಕೆಳಗೆ ಅನುವಾದದ ಸಾಲು ಹಾಕಿಕೊಂಡೆ. ಅದರಲ್ಲಿ ಬಂತು: 'ನಮ್ಮ ಒದ್ದೆ ಪ್ರಯೋಜನವನ್ನು ದಿನಾ ತೊಳೆಯಬೇಕು.' ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ತಿಳಿಯಿತು, 'ಬೆನೆಫಿಸಿಯೊ' ಅಂದರೆ ಪ್ರಯೋಜನ ಅಂತಲೂ ಆಗುತ್ತದೆ, ಕಾಫಿಯವರ ಬಾಯಲ್ಲಿ ಹಣ್ಣು ಪಲ್ಪ್ ಮಾಡುವ, ಅಂದರೆ ಸಿಪ್ಪೆ ಬಿಡಿಸುವ ಜಾಗ ಅಂತಲೂ ಆಗುತ್ತದೆ. 'ಬೆನೆಫಿಸಿಯೊ ಊಮೆದೊ' ಅಂದರೆ ನಮ್ಮ ಪಲ್ಪಿಂಗ್ ಶೆಡ್ಡು! ಮಿಷನ್ನನ್ನು ನಂಬಿದರೆ ಆಗುವುದಿಲ್ಲ ಅಂತ ಅವತ್ತೇ ತೀರ್ಮಾನಿಸಿದೆ.

ಮೈಸೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಭಾನುವಾರ ಮಾತ್ರ ನಡೆಯುವ ಸರ್ಟಿಫಿಕೇಟ್ ಕೋರ್ಸು. ವಯಸ್ಸಿನ ಮಿತಿ ಇಲ್ಲ. ನನಗೆ ನಲವತ್ನಾಲ್ಕು. ಮನೆಯವರು 'ಸರಿ ಹೋಗು' ಅಂದರು, ಅವರ ತಮ್ಮ ನಕ್ಕ, ಅತ್ತೆ ಕೇಳಿದ್ದು ಒಂದೇ: 'ಭಾನುವಾರ ಪಂದಿ ಕರಿ ಯಾರು ಮಾಡೋದು?' ಶನಿವಾರ ರಾತ್ರಿಯೇ ಮಾಡಿಡುವುದು ಅಂತ ಒಪ್ಪಂದವಾಯಿತು. ಪಂದಿ ಕರಿ ಮಾರನೇ ದಿನಕ್ಕೇ ರುಚಿ ಹೆಚ್ಚು, ಹಾಗಾಗಿ ಯಾರಿಗೂ ನಷ್ಟವಾಗಲಿಲ್ಲ.

ಕೊಡಗಿನ ನಮ್ಮ ಸುಂಟಿಕೊಪ್ಪದಲ್ಲಿ ಬೆಳಗಿನ ಆರರ ಬಸ್ಸು ಹತ್ತಿದರೆ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಹತ್ತರ ಕ್ಲಾಸಿಗೆ ಮುಟ್ಟುತ್ತಿದ್ದೆ. ಕ್ಲಾಸಿನಲ್ಲಿ ಇಪ್ಪತ್ತೆರಡು ಜನ, ಬಹುಪಾಲು ನನ್ನ ಮಗನ ಓರಗೆಯವರು. ಮೊದಲ ದಿನ ಯಾಕೆ ಸ್ಪ್ಯಾನಿಷ್ ಅಂತ ಮೇಷ್ಟ್ರು ಎಲ್ಲರನ್ನೂ ಕೇಳಿದರು. ಒಬ್ಬನಿಗೆ ಮೆಸ್ಸಿ, ಇಬ್ಬರಿಗೆ ಕೆಲಸದಲ್ಲಿ ಬಡ್ತಿ, ಒಬ್ಬಳಿಗೆ ಸ್ಪೇನಿನಲ್ಲಿ ಎಂಎಸ್. ನನ್ನ ಸರದಿ ಬಂದಾಗ ಹುಳ ಅಂದೆ. ಯಾರೂ ಏನೂ ಅನ್ನಲಿಲ್ಲ.

ಮೇಷ್ಟ್ರಿಗೆ ಮೂವತ್ತೂ ದಾಟಿಲ್ಲ. ತನ್ನನ್ನು 'ತು' ಅಂತಲೇ ಕರೆಯಿರಿ ಅಂದರು. 'ತು' ಅಂದರೆ ನೀನು, 'ಉಸ್ತೆದ್' ಅಂದರೆ ನೀವು. ಕಲಿಸುವವರನ್ನು ನೀನು ಅನ್ನಲು ನನಗೆ ನಾಲಗೆ ಹೊರಳಲಿಲ್ಲ. ಉಸ್ತೆದ್ ಅಂದಾಗಲೆಲ್ಲ ಅವರು 'ನನಗೇನು ಅಷ್ಟು ವಯಸ್ಸಾಗಿದೆಯಾ ಮೇಡಂ' ಅನ್ನೋರು. ಆಮೇಲೆ ಗೊತ್ತಾಯಿತು, ಕೊಲಂಬಿಯಾದ ಕೆಲವು ಕಡೆ ಗಂಡ ಹೆಂಡತಿಯೂ ಒಬ್ಬರಿಗೊಬ್ಬರು ಉಸ್ತೆದ್ ಅಂದುಕೊಳ್ಳುತ್ತಾರಂತೆ. ನನ್ನ ಹುಳದ ಸ್ನೇಹಿತನೂ ವಿಡಿಯೋ ತೆಗೆಯುತ್ತಿದ್ದ ಹೆಂಡತಿಗೆ ಹಾಗೇ ಅನ್ನುತ್ತಿದ್ದ. ನಾನು ಉಸ್ತೆದ್ ಬಿಡಲಿಲ್ಲ.

ಇನ್ನು 'ಸೆರ್' ಮತ್ತು 'ಎಸ್ತಾರ್'. ಇದೊಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಕೋರ್ಸಿನಲ್ಲಿ ನಾನು ಜಂಬಪಟ್ಟದ್ದು ಇಲ್ಲಿ ಮಾತ್ರ. ಇರುವುದು ಅನ್ನೋದಕ್ಕೆ ಸ್ಪ್ಯಾನಿಷಿನಲ್ಲಿ ಎರಡು ಕ್ರಿಯಾಪದ. ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್ ಅಂತ ಪುಸ್ತಕದಲ್ಲಿತ್ತು. ಹುಡುಗರು ಅದನ್ನೇ ಉರು ಹೊಡೆದರು. ಮರುವಾರ ಮೇಷ್ಟ್ರು ಕೇಳಿದರು, 'ಅವನು ಸತ್ತಿದ್ದಾನೆ' ಅನ್ನೋದಕ್ಕೆ ಯಾವುದು? ಸಾವಿಗಿಂತ ಶಾಶ್ವತ ಇನ್ನೇನಿದೆ ಅಂತ ಎಲ್ಲರೂ ಸೆರ್ ಅಂದರು. ಉತ್ತರ ಎಸ್ತಾರ್. 'ಎಸ್ತಾ ಮುಯೆರ್ತೊ.'

ನಾನು ಅಷ್ಟರಲ್ಲಿ ಬಸ್ಸಿನಲ್ಲಿ ಕೂತು ಬೇರೆ ದಾರಿ ಹಿಡಿದಿದ್ದೆ. ಕನ್ನಡದಲ್ಲಿ 'ಇದು ಕಾಫಿ' ಅಂತೀವಿ, ಕ್ರಿಯಾಪದವೇ ಇಲ್ಲ. 'ನಾನು ಬೆಳೆಗಾರ್ತಿ', 'ಅವರು ಮೇಷ್ಟ್ರು', ಅಲ್ಲೂ ಇಲ್ಲ. ಇಂಥ ಕಡೆಯೆಲ್ಲ ಸೆರ್. 'ಕಾಫಿ ಬಿಸಿ ಇದೆ', 'ನಾನು ತೋಟದಲ್ಲಿದ್ದೇನೆ', 'ಮಡಿಕೇರಿ ಕೊಡಗಿನಲ್ಲಿದೆ', ಹೀಗೆ 'ಇದೆ', 'ಇದ್ದೇನೆ' ಬಂದರೆ ಎಸ್ತಾರ್. ಮಡಿಕೇರಿ ಎಲ್ಲಿಗೂ ಎದ್ದು ಹೋಗುವುದಿಲ್ಲ, ಆದರೂ ಎಸ್ತಾರೇ. 'ಸತ್ತಿದ್ದಾನೆ' ಅನ್ನುವಾಗಲೂ ಬಾಲದಲ್ಲಿ 'ಇದ್ದಾನೆ' ಕೂತಿದೆಯಲ್ಲ! ಹೇಳಿದಾಗ ಮೇಷ್ಟ್ರು ಎರಡು ನಿಮಿಷ ಸುಮ್ಮನಾಗಿ, ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದು ನೋಡಿದರು. ಎಲ್ಲ ಕಡೆ ನಡೆಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 'ಮದುವೆ ವಿರಾಜಪೇಟೆಯಲ್ಲಿದೆ' ಅನ್ನೋದಕ್ಕೆ ನನ್ನ ಸೂತ್ರ ಹಿಡಿದು ಎಸ್ತಾರ್ ಬರೆದೆ. ಮದುವೆ, ಸಭೆಗಳಿಗೆ ಸೆರ್ ಅಂತೆ. ಒಂದು ಮಾರ್ಕು ಹೋಯಿತು.

'ನನಗೆ ಕಾಫಿ ಇಷ್ಟ' ಅನ್ನುವುದೂ ಹಾಗೇ, 'ಮೆ ಗುಸ್ತಾ ಎಲ್ ಕಫೆ'. ಮೆ ಅಂದರೆ ನನಗೆ. ಇಂಗ್ಲಿಷ್ ಮೀಡಿಯಂ ಹುಡುಗರು ಇದನ್ನು ತಿರುಗಾಮುರುಗಾ ಮಾಡಿಕೊಂಡು ಒದ್ದಾಡುತ್ತಿದ್ದರು.

'ಇದೆ' ಅನ್ನೋದಕ್ಕೆ ಮೂರನೆಯದೊಂದೂ ಉಂಟು, 'ಐ'. ಬರೆಯುವಾಗ ಮುಂದೆ ಒಂದು ಹಕಾರ ಇದೆ, ಉಚ್ಚಾರದಲ್ಲಿ ಇಲ್ಲ. ನಿಮ್ಮ ಮನೆಯ ಹತ್ತಿರ ಏನೇನಿದೆ, ಹೇಳಿ ಅಂದರು. ಒಬ್ಬ ಪಾರ್ಕು ಅಂದ, ಒಬ್ಬಳು ಮಾಲ್ ಅಂದಳು. ನಾನು 'ಐ ಎಲೆಫಾಂತೆಸ್ ಎನ್ ಲ ಫಿಂಕ' ಅಂದೆ. ಫಿಂಕ ಅಂದರೆ ತೋಟ. ತೋಟದಲ್ಲಿ ಆನೆಗಳಿವೆ. ಕ್ಲಾಸು ಗೊಳ್ಳೆಂದಿತು, ಮೇಷ್ಟ್ರೂ ತಮಾಷೆ ಅಂದುಕೊಂಡು 'ಮುಯಿ ಬಿಯೆನ್' ಅಂದರು. ನಾನು ಮೊಬೈಲ್ ತೆಗೆದು ಹಿಂದಿನ ಗುರುವಾರ ಬೆಳಗ್ಗೆ ತೆಗೆದ ಫೋಟೋ ತೋರಿಸಿದೆ. ಮುರಿದ ಬೇಲಿ, ನೆಲಕ್ಕೆ ಬಿದ್ದ ಎರಡು ಬಾಳೆ, ಕಾಫಿ ಸಾಲಿನ ನಡುವೆ ಬುಟ್ಟಿಯಗಲದ ಹೆಜ್ಜೆ. ಮುಂದಿನ ವಾರದಿಂದ ಎಲ್ಲರೂ ಮೊದಲು ಕೇಳುತ್ತಿದ್ದದ್ದು ಆನೆಯ ಸಮಾಚಾರ.

ಜಗಳ ಆದದ್ದು ಅಕ್ಟೋಬರಿನಲ್ಲಿ. ಸ್ಪ್ಯಾನಿಷಿನಲ್ಲಿ ಪ್ರತಿ ವಸ್ತುವೂ ಒಂದೋ ಗಂಡು, ಇಲ್ಲವೋ ಹೆಣ್ಣು. ಗಂಡಾದರೆ ಮುಂದೆ 'ಎಲ್', ಹೆಣ್ಣಾದರೆ 'ಲಾ'. ಬಿಸಿಲು ಗಂಡು, ಮಳೆ ಹೆಣ್ಣು, ಕಾಫಿ ಗಂಡು, ಅದನ್ನು ಕುಡಿಯುವ ಲೋಟ ಗಂಡು, ಕಪ್ ಆದರೆ ಹೆಣ್ಣು. ಮನುಷ್ಯರನ್ನೂ ದೇವರನ್ನೂ ಬಿಟ್ಟು ಉಳಿದದ್ದೆಲ್ಲ 'ಅದು' ಅಂದುಕೊಂಡು ಬೆಳೆದವಳಿಗೆ ಇದು ದೊಡ್ಡ ತಲೆನೋವು. ನಿಮ್ಮ ಊರಿನ ನದಿಯ ಮೇಲೆ ಐದು ವಾಕ್ಯ ಬರೆದು ತನ್ನಿ ಅಂದಿದ್ದರು. ಕಾವೇರಿ ಚಂಗ್ರಾಂದಿ, ಅಂದರೆ ತೀರ್ಥೋದ್ಭವದ ಹಬ್ಬ, ಮುಗಿದು ಎರಡು ದಿನವಾಗಿತ್ತಷ್ಟೇ. ಭಕ್ತಿಯಿಂದ ಬರೆದೆ: 'ಲಾ ಕಾವೇರಿ ನಾಸೆ ಎನ್ ಕೊಡಗು.' ಕಾವೇರಿ ಕೊಡಗಿನಲ್ಲಿ ಹುಟ್ಟುತ್ತಾಳೆ.

ಪುಸ್ತಕ ವಾಪಸ್ ಬಂದಾಗ ಐದು ಕಡೆ 'ಲಾ' ಹೊಡೆದು ಹಾಕಿ ಕೆಂಪಿನಲ್ಲಿ 'ಎಲ್' ಬರೆದಿತ್ತು.

ನದಿ ಅನ್ನುವ ಪದ, 'ರಿಯೊ', ಗಂಡು. ಹಾಗಾಗಿ ನದಿಗಳೆಲ್ಲ ಗಂಡು ಅಂತ ಮೇಷ್ಟ್ರು ತಾಳ್ಮೆಯಿಂದ ಹೇಳಿದರು. ಕೊಲಂಬಿಯಾದ ದೊಡ್ಡ ನದಿ ಮಗ್ದಲೇನಾ, ಬೈಬಲಿನ ಮಗ್ದಲದ ಮರಿಯಳ ಹೆಸರು ಹೊತ್ತದ್ದು, ಅದೂ 'ಎಲ್ ಮಗ್ದಲೇನಾ'ನೇ ಅಂದರು. ಅದು ಅವರ ಪಾಡು ಅಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ.

ಸಂಜೆ ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಆಗಷ್ಟೇ ದೀಪ ಹಚ್ಚಿ ಕೂತಿದ್ದರು. ಎರಡು ದಿನದ ಹಿಂದೆ ತೆಂಗಿನಕಾಯಿಗೆ ಕೆಂಪು ರೇಷ್ಮೆ ಸುತ್ತಿ, ತಮ್ಮ ಪತ್ತಾಕ್ ಸರ ತೊಡಿಸಿ, ಹೂವಿಟ್ಟು ಕಾವೇರಮ್ಮೆ ಅಂತ ಕೈಮುಗಿದವರು. ಕೊಡವ ತಕ್ಕಿನಲ್ಲಿ ಅವರು ಅಂದದ್ದರ ಕನ್ನಡ ಇಷ್ಟು: 'ಬಲಮುರಿಯಲ್ಲಿ ರಭಸಕ್ಕೆ ಹೆಂಗಸರ ಸೀರೆ ನೆರಿಗೆಯನ್ನೇ ಹಿಂದಕ್ಕೆ ತಳ್ಳಿದವಳು ಗಂಡಸಾ? ನಾವು ಇವತ್ತಿಗೂ ನೆರಿಗೆ ಹಿಂದೆ ಹಾಕೋದು ಯಾಕೆ ಅಂತ ಆ ಹುಡುಗನನ್ನು ಕೇಳು.'

ಕೇಳಲಿಲ್ಲ. ಡಿಸೆಂಬರ್ ಬಂತು, ಕುಯ್ಲು ಶುರುವಾಯಿತು, ಎರಡು ಭಾನುವಾರ ತಪ್ಪಿತು. ಅಸ್ಸಾಮಿನಿಂದ ಬಂದ ಕೆಲಸದವರ ಜೊತೆ ಹರುಕುಮುರುಕು ಹಿಂದಿ, ತೂಕದ ಲೆಕ್ಕ ಕನ್ನಡದಲ್ಲಿ, ಅತ್ತೆಯ ಜೊತೆ ಕೊಡವ ತಕ್ಕ್, ಕಣದಲ್ಲಿ ಕಾಫಿ ಹರವುತ್ತಾ ಒಬ್ಬಳೇ ಗೊಣಗುವಾಗ ಸ್ಪ್ಯಾನಿಷ್. ಗುಣಿತದ ಮಗ್ಗಿಯ ಹಾಗೆ ಕ್ರಿಯಾಪದ ಹೇಳಿಕೊಂಡು ಕಾಫಿ ಎಳೆದರೆ ಸಾಲು ನೇರ ಬರುತ್ತದೆ. 'ಸೆರೆಸ' ಅನ್ನುವ ಪದ ಮಾತ್ರ ಕೊನೆವರೆಗೂ ಕಾಡಿತು. ಅವರಿಗೆ ಅದು ಗಿಡದ ಮೇಲಿನ ಕೆಂಪು ಹಣ್ಣು. ನಮಗೆ ಚೆರ್ರಿ ಅಂದರೆ ಕಣದಲ್ಲಿ ಸಿಪ್ಪೆ ಸಮೇತ ಒಣಗಿದ ಕಾಫಿ, ಐವತ್ತು ಕಿಲೋ ಚೀಲಕ್ಕೆ ಇಷ್ಟು ಅಂತ ರೇಟು ಕೇಳುವ ಮಾಲು. ಪದ ಒಂದೇ, ನಡುವೆ ಹದಿನೈದು ದಿನದ ಬಿಸಿಲು.

ನಡುವೆ ಒಂದು ರಾತ್ರಿ ಹಳೇ ವಿಡಿಯೋ ಹಾಕಿ, ಅನುವಾದದ ಸಾಲು ಆರಿಸಿ ಕೇಳಿದೆ. ಮುಕ್ಕಾಲು ಪಾಲು ಹೋಯಿತು, ಕಾಲು ಪಾಲು ಸಿಕ್ಕಿತು. ಮಳೆ ನಿಂತ ಮೇಲೆ ನೆಲಕ್ಕೆ ಬಿದ್ದ ಹಣ್ಣನ್ನೆಲ್ಲ ಆರಿಸಬೇಕು, ಒಂದನ್ನೂ ಬಿಡಬಾರದು ಅಂತ ಹೇಳುತ್ತಿದ್ದ. ನಮಗೂ ಕಾಫಿ ಬೋರ್ಡಿನವರು ಹೇಳೋದು ಅದನ್ನೇ. ಆತನ ತೋಟದಲ್ಲಿದ್ದದ್ದು 'ಕೊಲಂಬಿಯಾ' ತಳಿ. ಕತೂರ ಮತ್ತು ತಿಮೋರ್ ಹೈಬ್ರಿಡ್ ಅನ್ನುವ ಎರಡು ಕಾಫಿ ತಳಿ ಸೇರಿಸಿ ಮಾಡಿದ್ದು. ನಮ್ಮ ಮೇಲಿನ ತುಂಡಿನ ಅರೇಬಿಕಾದ ತಂದೆ ತಾಯಿಯೂ ಅವೇ. ಇಲ್ಲಿ ಆ ಗಿಡಕ್ಕಿಟ್ಟ ಹೆಸರು ಕಾವೇರಿ.

ಫೆಬ್ರವರಿ ಕೊನೆಗೆ ಪರೀಕ್ಷೆ. ಕೊನೆಯ ಪ್ರಶ್ನೆ, ನಿಮ್ಮ ಊರಿನ ಬಗ್ಗೆ ಬರೆಯಿರಿ. ಪೆನ್ನು ಹಿಡಿದು ಹತ್ತು ನಿಮಿಷ ಕೂತೆ. 'ಎಲ್' ಬರೆದರೆ ಅತ್ತೆಯ ಮುಖ, 'ಲಾ' ಬರೆದರೆ ಕೆಂಪು ಗೀಟು. ಆಗ ಸುಂಟಿಕೊಪ್ಪ ಚರ್ಚಿನ ಪಾದ್ರಿ ನೆನಪಾದರು. ಪಾದ್ರಿ ಅನ್ನುವುದು ಅದೇ 'ಪಾದ್ರೆ', ತಂದೆ. ಪಾದ್ರೆ ಇದ್ದ ಮೇಲೆ 'ಮಾದ್ರೆ' ಇರಲೇಬೇಕು. ಬರೆದೆ: 'ಲಾ ಮಾದ್ರೆ ಕಾವೇರಿ ನಾಸೆ ಎನ್ ಕೊಡಗು.' ತಾಯಿ ಹೆಣ್ಣು, ಅದರಲ್ಲಿ ಯಾವ ವ್ಯಾಕರಣಕ್ಕೂ ತಕರಾರಿಲ್ಲ.

ಮೂರು ವಾರ ಬಿಟ್ಟು ಉತ್ತರ ಪತ್ರಿಕೆ ತೋರಿಸಿದರು. ಆ ಸಾಲಿನ ಪಕ್ಕ ಸರಿ ಗುರುತು, ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಪುಟ್ಟ ಆನೆ.

ಮನೆಗೆ ಬಂದಾಗ ಅತ್ತೆ ಕಣದ ಕಟ್ಟೆಯ ಮೇಲೆ ಕೂತಿದ್ದರು. ಪಾಸೋ ಫೇಲೋ ಅಂತ ಕೇಳಲಿಲ್ಲ.

'ಹೆಣ್ಣು ಅಂತಲೇ ಬರೆದೆಯಾ?'

'ಬರೆದೆ.'

'ಸರಿ. ಆ ಟಾರ್ಪಾಲು ಎಳಿ, ಹಾರಂಗಿ ಕಡೆ ಮೋಡ ಕಟ್ಟಿದೆ.'