ಸ್ಕೂಲು ಮುಗಿದ ಮೇಲೂ ಇದೆಲ್ಲ ಸಿಗುತ್ತಾ?

ಅಮೆರಿಕದಲ್ಲಿ ಸ್ಪೆಷಲ್ ಎಜುಕೇಶನ್ ಪಡೆಯುತ್ತಿರುವ ಮಕ್ಕಳ ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಸ್ಕೂಲಿನಲ್ಲಿ ಸ್ಪೀಚ್ ಥೆರಪಿ, ಬಸ್ಸು, ಸಹಾಯಕರು ಎಲ್ಲ ಇದೆ. ದೊಡ್ಡವನಾದ ಮೇಲೂ ಹೀಗೇ ಮುಂದುವರಿಯುತ್ತೆ ಅಲ್ವಾ?"

ತಾನಾಗಿ ಮುಂದುವರಿಯುವುದಿಲ್ಲ. ಮಗುವಿಗೆ 14 ಆಗುವಷ್ಟರಲ್ಲೇ ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಶಾಲೆಯ ಸೌಲಭ್ಯಗಳ ಹಿಂದೆ ಐಡಿಇಎ ಎಂಬ, ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣದ ಕಾನೂನಿದೆ. 1975ರಲ್ಲಿ ಬೇರೆ ಹೆಸರಿನಲ್ಲಿ ಬಂದದ್ದು. ಸಹಾಯ ಬೇಕಿರುವ ಮಗುವನ್ನು ಹುಡುಕಿ ಕಲಿಸುವುದು ಅಲ್ಲಿ ಶಾಲೆಯದೇ ಹೊಣೆ. ಜಾಗವಿಲ್ಲ, ದುಡ್ಡಿಲ್ಲ ಎಂದು ವಾಪಸು ಕಳಿಸುವಂತಿಲ್ಲ. ಈ ಹಕ್ಕು ಹೆಚ್ಚಿನ ರಾಜ್ಯಗಳಲ್ಲಿ 21 ಅಥವಾ 22ಕ್ಕೆ ಮುಗಿಯುತ್ತದೆ. ಮಿಷಿಗನ್‌ನಲ್ಲಿ 26ರವರೆಗೂ ಇದೆ. ಒಂದು ಎಚ್ಚರಿಕೆ: ಮಾಮೂಲಿ ಹೈಸ್ಕೂಲ್ ಡಿಪ್ಲೊಮಾ ಪಡೆದರೆ ಹಕ್ಕು ಅಂದೇ ಮುಗಿಯಿತು, ವಯಸ್ಸು 18 ಆಗಿದ್ದರೂ ಸರಿ.

ಆಮೇಲಿನ ಡೇ ಪ್ರೋಗ್ರಾಂ, ಮನೆಗೆ ಬರುವ ಸಹಾಯಕರು, ಇಂಥವಕ್ಕೆಲ್ಲ ಬಹುಪಾಲು ದುಡ್ಡು ಬರುವುದು ಮೆಡಿಕೈಡ್ ವೇವರ್‌ನಿಂದ, ಅಂದರೆ ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೈಡ್‌ನ ವಿಶೇಷ ಯೋಜನೆಯಿಂದ. ಎಷ್ಟು ಜನರಿಗೆ ಕೊಡಬೇಕು ಎಂದು ರಾಜ್ಯವೇ ಮಿತಿ ಹಾಕಬಹುದು. ಅರ್ಹತೆ ಇದ್ದರೂ ಸಾಲಿನಲ್ಲಿ ನಿಲ್ಲಬೇಕು. ಟೆಕ್ಸಸ್‌ನಲ್ಲಿ ಕೆಲವು ವೇವರ್‌ಗಳಿಗೆ ಹತ್ತು ವರ್ಷಕ್ಕಿಂತ ಜಾಸ್ತಿ ಕಾದವರಿದ್ದಾರೆ. ಮಗುವಿಗೆ ಐದಾರು ವರ್ಷವಿದ್ದಾಗಲೇ ಅಲ್ಲಿ ಹೆಸರು ಬರೆಸಬಹುದು, ಬರೆಸಬೇಕು. ಬೇರೆ ರಾಜ್ಯಕ್ಕೆ ಹೋದರೆ ಮತ್ತೆ ಮೊದಲಿನಿಂದ ಶುರು. ಕೆಲಸದ ಬೆನ್ನು ಹತ್ತಿ ಊರು ಬದಲಿಸುವ ನಮ್ಮ ಕುಟುಂಬಗಳಿಗೆ ಇದು ದೊಡ್ಡ ಪೆಟ್ಟು. ಹೊಸ ಕೆಲಸ ಒಪ್ಪುವ ಮೊದಲು ಆ ರಾಜ್ಯದ ಸಾಲು ಎಷ್ಟುದ್ದ ಇದೆ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಲ್ಯಾಂಟರ್‌ಮನ್ ಕಾಯಿದೆ ಇರುವುದರಿಂದ ದೊಡ್ಡವರಿಗೂ ಸೇವೆ ಹಕ್ಕಾಗಿಯೇ ಸಿಗುತ್ತದೆ.

ವೀಸಾ ವಿಷಯ ಬಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಶಾಲೆ ಯಾರ ವೀಸಾವನ್ನೂ ಕೇಳುವುದಿಲ್ಲ. ಹಾಗಾಗಿ ಎಚ್-4 (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಮೇಲಿರುವ ಮಗುವಿನ ಅಪ್ಪ ಅಮ್ಮ ನೆಮ್ಮದಿಯಾಗಿರುತ್ತಾರೆ. ಆದರೆ ಎಚ್-4 ಮೇಲಿರುವವರಿಗೆ ಎಸ್‌ಎಸ್‌ಐ, ಅಂದರೆ ಕಡಿಮೆ ಆದಾಯದ ಅಂಗವಿಕಲರಿಗೆ ಸರಕಾರ ತಿಂಗಳು ತಿಂಗಳು ಕೊಡುವ ಹಣ, ಸಿಗುವುದಿಲ್ಲ. ಮಗುವಿಗೆ 21 ತುಂಬಿದರೆ ಎಚ್-4 ಕೂಡ ಇರುವುದಿಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿದ್ದರೆ ಈ ಮಾತನ್ನು ವಕೀಲರ ಹತ್ತಿರ ಇವತ್ತೇ ಎತ್ತಿ.

ಎಸ್‌ಎಸ್‌ಐಗೆ ಅರ್ಹತೆ ಇರುವವರಿಗೆ 18 ಮುಖ್ಯವಾದ ವಯಸ್ಸು. ಅಲ್ಲಿಂದ ಅಪ್ಪ ಅಮ್ಮನ ಆದಾಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮಗುವಿನ ಹೆಸರಿನಲ್ಲಿ 2,000 ಡಾಲರ್‌ಗಿಂತ ಹೆಚ್ಚು ಉಳಿತಾಯವಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ. ಮಕ್ಕಳ ಹೆಸರಿನಲ್ಲಿ ದುಡ್ಡಿಡುವುದು ನಮ್ಮವರ ಪ್ರೀತಿಯ ಅಭ್ಯಾಸ. ಅದನ್ನು ಏಬಲ್ ಖಾತೆಯಲ್ಲಿ, ಅಂದರೆ ಅಂಗವಿಕಲರಿಗೆಂದೇ ಇರುವ ಉಳಿತಾಯ ಖಾತೆಯಲ್ಲಿ ಇಡಿ. ಅಲ್ಲಿ ಒಂದು ಲಕ್ಷ ಡಾಲರ್‌ವರೆಗೆ ಎಸ್‌ಎಸ್‌ಐ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನು ಶಾಲೆಯ ಕೊನೆಯ ವರ್ಷಗಳು. 16ರ ಹೊತ್ತಿಗೆ ಐಇಪಿಯಲ್ಲಿ (ಶಾಲೆ ಪ್ರತಿ ಮಗುವಿಗೂ ಬೇರೆಬೇರೆಯಾಗಿ ಬರೆಯುವ ಕಲಿಕೆಯ ಯೋಜನೆ) ಟ್ರಾನ್ಸಿಷನ್ ಪ್ಲಾನ್, ಅಂದರೆ ಶಾಲೆ ಮುಗಿದ ಮೇಲಿನ ಬದುಕಿಗೆ ತಯಾರಿಯ ಯೋಜನೆ, ಇರಲೇಬೇಕು. ಎಷ್ಟೋ ಕಡೆ ಅದನ್ನು ಸುಮ್ನೆ ತುಂಬಿಸಿ ಇಡುತ್ತಾರೆ. "ಕೆಲಸ ಹುಡುಕುತ್ತಾನೆ" ಎಂಬ ಒಂದೇ ಸಾಲಿಗೆ ಸಹಿ ಹಾಕಬೇಡಿ. ಬಸ್ ಹತ್ತುವುದು, ಮಾತ್ರೆ ತಾನೇ ತೆಗೆದುಕೊಳ್ಳುವುದು, ಬೇಡವೆನಿಸಿದ್ದಕ್ಕೆ ಬೇಡ ಎನ್ನುವುದು, ಇವನ್ನು ಯಾರು, ಯಾವಾಗ ಕಲಿಸುತ್ತಾರೆ ಎಂದು ಬರೆಸಿ. ಹುಡುಗನನ್ನೂ ಮೀಟಿಂಗಿನಲ್ಲಿ ಕೂರಿಸಿ. ಮಾತು ಬರದಿದ್ದರೆ ಫೋಟೊ ತೋರಿಸಿ, ಎಲ್ಲಿ ದಿನ ಕಳೆಯಲು ಇಷ್ಟ ಎಂದು ಅವನನ್ನೇ ಕೇಳಿ.

ಶಾಲೆಯ ಪರೀಕ್ಷಾ ವರದಿಗಳನ್ನು ಯಾವತ್ತೂ ಎಸೆಯಬೇಡಿ. ಅಂಗವೈಕಲ್ಯ 22 ವರ್ಷಕ್ಕೆ ಮೊದಲೇ ಇತ್ತು ಎಂಬ ಪುರಾವೆಯನ್ನು ಮುಂದೆ ಹಲವು ಕಚೇರಿಗಳು ಕೇಳುತ್ತವೆ. ಶಾಲೆಗಳು ಹಳೆಯ ಕಡತಗಳನ್ನು ಕೆಲವು ವರ್ಷಗಳ ನಂತರ ನಾಶ ಮಾಡುತ್ತವೆ. ಒಂದು ಪ್ರತಿ ಈಗಲೇ ಕೇಳಿ ಪಡೆಯಿರಿ.