‘ಸೆಟ್’ ಪದದ ಅರ್ಥಕೋಶ: ಮಳೆಗಾಲದ ಕೆಲಸದ ವರದಿ

ಇಂಗ್ಲಿಷಿನ ‘ಸೆಟ್’ ಎಂಬ ಒಂದೇ ಪದದ ಅರ್ಥಗಳನ್ನೂ ಅವುಗಳ ಸಮಾನಾರ್ಥಕಗಳನ್ನೂ ಸಂಗ್ರಹಿಸಿ, ಪ್ರತಿಯೊಂದರ ಎದುರಿಗೆ ನಮ್ಮ ಜನ ನಿಜವಾಗಿ ಆಡುವ ಕನ್ನಡ ಕ್ರಿಯಾಪದವನ್ನು ಬರೆದಿಡುವ ಕೆಲಸ ಈಗ ಅರ್ಧದಷ್ಟು ಮುಗಿದಿದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಈ ಪದದ ಕ್ರಿಯಾರೂಪದ್ದೇ ಆಗಿತ್ತು: ಸುಮಾರು 60,000 ಪದಗಳಲ್ಲಿ 430 ಅರ್ಥಗಳ ವಿವರಣೆ. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದ 645 ಅರ್ಥಗಳೊಂದಿಗೆ ಅದನ್ನು ಹಿಂದಿಕ್ಕಿತು. ಆದರೂ ನಾನು ‘ಸೆಟ್’ ಅನ್ನೇ ಹಿಡಿದುಕೊಂಡೆ. ಈ ಪದ ಹುಟ್ಟಿದ ರೀತಿ ಕನ್ನಡ ಬಲ್ಲವನಿಗೆ ಬೇಗ ಅರ್ಥವಾಗುವಂಥದ್ದು, ಮತ್ತು ಆ ಹುಟ್ಟಿನಲ್ಲೇ ಅದರ ಅರ್ಧದಷ್ಟು ಅರ್ಥಗಳ ಕೀಲಿ ಇದೆ ಎಂಬುದು ನನ್ನ ನಂಬಿಕೆ.

ಜೂನ್: ಬೇರುಗಳು

ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಎಂದರೆ ಕೂರು, ‘ಸೆಟ್ಟನ್’ ಎಂದರೆ ಕೂರಿಸು. ಅಂದರೆ ‘ಸೆಟ್’ ಎಂಬುದು ‘ಸಿಟ್’ ಧಾತುವಿನ ಪ್ರೇರಣಾರ್ಥಕ ರೂಪ. ನಾವು ‘ಇಸು’ ಪ್ರತ್ಯಯ ಹಚ್ಚಿ ಮಾಡುವ ಕೆಲಸವನ್ನು ಆ ಭಾಷೆ ಒಂದು ಕಾಲದಲ್ಲಿ ಧಾತುವಿನ ಸ್ವರ ಬದಲಿಸಿ ಮಾಡುತ್ತಿತ್ತು. ಮಲಗು ಎಂಬರ್ಥದ ‘ಲೈ’ಯಿಂದ ಮಲಗಿಸು ಎಂಬರ್ಥದ ‘ಲೇ’, ಬೀಳು ಎಂಬ ‘ಫಾಲ್’ನಿಂದ ಮರ ಕೆಡಹುವ ‘ಫೆಲ್’, ಕುಡಿ ಎಂಬ ‘ಡ್ರಿಂಕ್’ನಿಂದ ಕುಡಿಸು ಎಂಬ ‘ಡ್ರೆಂಚ್’ ಹುಟ್ಟಿದ್ದು ಹೀಗೆ. ಈ ಕೊನೆಯ ಪದಕ್ಕೆ ಇಂದು ‘ತೊಯ್ಯಿಸು’ ಎಂಬ ಅರ್ಥವೇ ಮುಂದಾಗಿದ್ದರೂ, ದನಕ್ಕೆ ಗೊಟ್ಟದಲ್ಲಿ ಔಷಧಿ ಕುಡಿಸುವುದನ್ನು ಪಶುವೈದ್ಯರು ಇಂದಿಗೂ ಇಂಗ್ಲಿಷಿನಲ್ಲಿ ‘ಡ್ರೆಂಚ್’ ಎಂದೇ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಈ ಪದ್ಧತಿ ನಿಂತುಹೋಗಿ ಶತಮಾನಗಳೇ ಆದವು. ಕನ್ನಡದಲ್ಲಿ ‘ಇಸು’ ಇಂದಿಗೂ ಹೊಸ ಕ್ರಿಯಾಪದಗಳನ್ನು ಮಾಡಿಕೊಡುತ್ತಲೇ ಇದೆ.

ನಾಮಪದವಾದ ‘ಸೆಟ್’ಗೆ ಬೇರೆಯದೇ ಮನೆತನವಿದೆ. ಅನುಸರಿಸುವವರ ಗುಂಪು ಎಂಬರ್ಥದ ಲ್ಯಾಟಿನ್ ‘ಸೆಕ್ಟ’ ಹಳೆಯ ಫ್ರೆಂಚಿನಲ್ಲಿ ‘ಸೆಟ್ಟೆ’ಯಾಗಿ, ಅಲ್ಲಿಂದ ಇಂಗ್ಲಿಷಿಗೆ ಬಂತು. ಪಂಥ ಎಂಬರ್ಥದ ‘ಸೆಕ್ಟ್’ ಇದರ ಒಡಹುಟ್ಟು. ಒಟ್ಟಿಗೆ ಸೇರಿದ ವಸ್ತುಗಳ ಸಮೂಹ ಎಂಬ ಅರ್ಥದ ಮೂಲ ಇಲ್ಲಿದೆ, ಆದರೆ ಉಚ್ಚಾರ ಒಂದೇ ಆದ್ದರಿಂದ ಕ್ರಿಯಾಪದದ ನೆರಳೂ ಅದರ ಮೇಲೆ ಬಿದ್ದಿದೆ. ಕನ್ನಡಕ್ಕೆ ಬಂದು ನೆಲೆಸಿದ್ದು ಹೆಚ್ಚಾಗಿ ಈ ನಾಮಪದವೇ: ಹೋಟೆಲಿನ ಸೆಟ್ ದೋಸೆ, ಹೊಲದ ಪಂಪ್‌ಸೆಟ್, ಮದುವೆಗೆ ಮಾಡಿಸುವ ಒಡವೆಯ ಸೆಟ್, ಟೆನಿಸ್ ಆಟದ ಸೆಟ್. ಗಣಿತದ ಪಠ್ಯಪುಸ್ತಕಗಳು ಮಾತ್ರ ‘ಗಣ’ ಎಂಬ ಪದವನ್ನು ಹಿಡಿದವು, ಮತ್ತು ಅದು ಚೆನ್ನಾಗಿಯೇ ಕೂತಿದೆ. ಸಿನಿಮಾದ ಸೆಟ್ ಈ ಸಾಲಿಗೆ ಸೇರುವುದಿಲ್ಲ. ರಂಗದ ಮೇಲೆ ದೃಶ್ಯವನ್ನು ಅಣಿಗೊಳಿಸಿ ನಿಲ್ಲಿಸುವುದು ಎಂಬ ಕ್ರಿಯೆಯಿಂದ ಬಂದದ್ದು ಅದು. ಆದ್ದರಿಂದ ಈ ಎರಡು ಮನೆತನಗಳ ಚೀಟಿಗಳನ್ನು ಎರಡು ಬಣ್ಣದ ಕಾಗದಗಳಲ್ಲಿ ಬರೆಯುತ್ತಿದ್ದೇನೆ.

ಜುಲೈ: ಕೂರಿಸುವ ಅರ್ಥಗಳು

ಈ ತಿಂಗಳು ಇಡೀ ಕೆಲಸಕ್ಕೆ ಒಂದು ಒರೆಗಲ್ಲು ಸಿಕ್ಕಿತು. ಎರಡು ಇಂಗ್ಲಿಷ್ ವಾಕ್ಯಗಳಲ್ಲಿರುವ ‘ಸೆಟ್’ ಒಂದೇ ಅರ್ಥದ್ದೋ ಬೇರೆಯದೋ ಎಂಬ ಸಂದೇಹ ಬಂದಾಗ, ಅವೆರಡನ್ನೂ ಕನ್ನಡದಲ್ಲಿ ಹೇಳಿ ನೋಡುವುದು. ಕ್ರಿಯಾಪದ ಬದಲಾದರೆ ಬೇರೆ ಚೀಟಿ, ಬದಲಾಗದಿದ್ದರೆ ಅದೇ ಚೀಟಿ. ಇದು ನಿಘಂಟುಕಾರರ ವಿಧಾನವಲ್ಲ. ಅವರು ಓದುಗರು ಕಳಿಸಿದ ಉದ್ಧರಣೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ಅರ್ಥಗಳ ಕವಲುಗಳನ್ನು ಗುರುತಿಸುತ್ತಿದ್ದರು. 1884ರಲ್ಲಿ ಮೊದಲ ಸಂಚಿಕೆ ಹೊರಬಂದ ಆಕ್ಸ್‌ಫರ್ಡ್ ನಿಘಂಟು 1928ರ ತನಕ ನಡೆಯಲು ಈ ಶ್ರಮವೇ ಮುಖ್ಯ ಕಾರಣ. ಆದರೆ ಕನ್ನಡ ಓದುಗನಿಗಾಗಿ ಮಾಡುವ ಕೋಶಕ್ಕೆ ಕನ್ನಡದ ಕ್ರಿಯಾಪದವೇ ಸರಿಯಾದ ಅಳತೆಗೋಲು ಎಂದು ನನಗೆ ದೃಢವಾಗಿದೆ.

ಒರೆಗಲ್ಲಿಗೆ ಹಚ್ಚಿದಾಗ ಮೊದಲು ಕಂಡದ್ದು ನಮ್ಮ ‘ಕೂರಿಸು’ ಎಷ್ಟು ದೂರ ‘ಸೆಟ್’ ಜೊತೆಗೇ ನಡೆಯುತ್ತದೆ ಎಂಬುದು. ಉಂಗುರಕ್ಕೆ ಹರಳು ಕೂರಿಸುತ್ತಾರೆ, ಸರಿದ ಮೂಳೆಯನ್ನು ಕೂರಿಸುತ್ತಾರೆ, ಕೋಳಿಯನ್ನು ಕಾವಿಗೆ ಕೂರಿಸುತ್ತಾರೆ. ಈ ಮೂರೂ ಕಡೆ ಇಂಗ್ಲಿಷಿನವರು ‘ಸೆಟ್’ ಎನ್ನುತ್ತಾರೆ. ತನಗೆ ತಕ್ಕ ಜಾಗದಲ್ಲಿ, ಅಲುಗಾಡದಂತೆ ಎಂಬ ಭಾವ ಎರಡೂ ಭಾಷೆಯಲ್ಲಿ ಸಮಾನವಾಗಿದೆ. ಪೀಟರ್ ಮಾರ್ಕ್ ರೋಜೆ 1852ರಲ್ಲಿ ಪ್ರಕಟಿಸಿದ ಪದಸಂಪುಟದ ಮಾದರಿಯ ಕೋಶಗಳಲ್ಲಿ ‘ಪುಟ್’, ‘ಪ್ಲೇಸ್’, ‘ಲೇ’, ‘ಸೆಟ್’ ಅಕ್ಕಪಕ್ಕದಲ್ಲಿ ಕಾಣುತ್ತವೆ, ಆದರೆ ಅವು ಒಂದರ ಬದಲು ಒಂದು ಬಳಸುವ ಪದಗಳಲ್ಲ. ‘ಪುಟ್’ ಎಂದರೆ ಸುಮ್ಮನೆ ಇಡುವುದು ಅಥವಾ ಹಾಕುವುದು. ‘ಲೇ’ ಎಂದರೆ ಅಡ್ಡಲಾಗಿ ಮಲಗಿಸಿ ಇಡುವುದು. ‘ಪ್ಲೇಸ್’ ಎಂದರೆ ನೋಡಿ ಆರಿಸಿದ ಜಾಗದಲ್ಲಿ ಇಡುವುದು. ‘ಸೆಟ್’ನಲ್ಲಿ ಇಟ್ಟ ವಸ್ತು ಇನ್ನು ಮುಂದೆ ಅಲ್ಲೇ ನಿಂತು ತನ್ನ ಕೆಲಸ ಮಾಡಬೇಕು ಎಂಬ ನಿರೀಕ್ಷೆ ಇರುತ್ತದೆ.

ಆ ನಿರೀಕ್ಷೆಯನ್ನು ಹೊತ್ತ ಇನ್ನೊಂದು ಕನ್ನಡ ಧಾತು ‘ಹೂಡು’. ನೇಗಿಲು ಹೂಡು, ಬಂಡಿ ಹೂಡು, ಬಾಣ ಹೂಡು, ಮೂರು ಕಲ್ಲಿಟ್ಟು ಒಲೆ ಹೂಡು, ಸಂಸಾರ ಹೂಡು, ದಾವೆ ಹೂಡು, ಬಂಡವಾಳ ಹೂಡು. ಇವುಗಳಲ್ಲಿ ಒಲೆ ಮತ್ತು ಸಂಸಾರ ನೇರವಾಗಿ ‘ಸೆಟ್ ಅಪ್’ ಚೀಟಿಗೆ ಹೋದವು. ಒಂದು ಕೆಲಸ ಶುರುವಾಗಲು ಬೇಕಾದ್ದನ್ನೆಲ್ಲ ಅಣಿಮಾಡಿ ನಿಲ್ಲಿಸುವುದನ್ನು ಎರಡಕ್ಷರದ ಈ ಧಾತು ಎಷ್ಟು ಹಗುರವಾಗಿ ಹೇಳುತ್ತದೆಂದರೆ, ‘ಸ್ಥಾಪಿಸು’ ಎಂಬ ಪದವನ್ನು ಆ ಚೀಟಿಯಲ್ಲಿ ಎರಡನೆಯ ಸಾಲಿಗೆ ಇಳಿಸಿದ್ದೇನೆ.

ಮಿಕ್ಕ ಕಡೆ ದಾರಿಗಳು ಬೇರೆಯಾಗುತ್ತವೆ. ಬೆಂಕಿ ಹಚ್ಚುತ್ತೇವೆ, ಬಲೆ ಒಡ್ಡುತ್ತೇವೆ, ಅಚ್ಚುಮೊಳೆ ಜೋಡಿಸುತ್ತೇವೆ, ಅಲಾರಂ ಇಡುತ್ತೇವೆ, ಬೆಲೆ ಗೊತ್ತುಮಾಡುತ್ತೇವೆ. ಗರಗಸದ ‘ಸೆಟ್’ ಮಾತ್ರ ಎಲ್ಲಕ್ಕಿಂತ ದೂರ ನಿಂತಿತು. ಗರಗಸವನ್ನು ಬೆನ್ನು ಕೆಳಗಾಗಿ ಹಿಡಿದು ಹಲ್ಲಿನ ಸಾಲನ್ನು ಉದ್ದಕ್ಕೆ ನೋಡಿದರೆ, ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಸ್ವಲ್ಪವೇ ಬಾಗಿರುವುದು ಕಾಣುತ್ತದೆ. ಇದರಿಂದ ಕೊಯ್ತದ ಸಂದು ಅಲಗಿನ ದಪ್ಪಕ್ಕಿಂತ ಅಗಲವಾಗಿ, ಗರಗಸ ಮರದಲ್ಲಿ ಸಿಕ್ಕಿಕೊಳ್ಳದೆ ಓಡುತ್ತದೆ. ಹಸಿ ಮರಕ್ಕೆ ಈ ಬಾಗು ಹೆಚ್ಚು ಬೇಕು, ಒಣಗಿದ ಮರಕ್ಕೆ ಕಡಿಮೆ ಸಾಕು. ಕಸುಬಿನ ಇಂಥ ಅರ್ಥಗಳಿಗೆ ಇಂಗ್ಲಿಷಿನಲ್ಲೂ ಸಮಾನಾರ್ಥಕ ಹುಡುಕುವುದು ವ್ಯರ್ಥ. ಆ ಚೀಟಿಯಲ್ಲಿ ಸಮಾನಾರ್ಥಕದ ಜಾಗವನ್ನು ಖಾಲಿ ಬಿಟ್ಟು, ಬಾಗಿದ ಹಲ್ಲಿನ ಒಂದು ಚಿತ್ರ ಬರೆದಿದ್ದೇನೆ.

ಆಗಸ್ಟ್: ಗಟ್ಟಿಯಾಗುವ ಅರ್ಥಗಳು

ಕೂರಿಸುವುದರಿಂದ ತಾನೇ ಕೂರುವುದಕ್ಕೆ, ಅಲ್ಲಿಂದ ಗಟ್ಟಿಯಾಗುವುದಕ್ಕೆ ಪದ ಹರಿದುಬಂದಿದೆ. ಸೂರ್ಯ ಮುಳುಗುವುದು ಕೂಡ ಈ ಕವಲಿನ ನೆರೆಯದೇ. ಇಲ್ಲಿ ನಮ್ಮ ಕ್ರಿಯಾಪದಗಳು ಇಂಗ್ಲಿಷಿಗಿಂತ ಹೆಚ್ಚು ನಿಖರವಾಗಿವೆ: ಮೊಸರು ಹೆಪ್ಪುಗಟ್ಟುತ್ತದೆ, ಆಲೆಮನೆಯಲ್ಲಿ ಅಚ್ಚಿಗೆ ಹೊಯ್ದ ಬೆಲ್ಲ ಗಟ್ಟಿಯಾಗುತ್ತದೆ, ಹೂವು ಕಾಯಿ ಕಚ್ಚುತ್ತದೆ. ಹೂವು ಉದುರದೆ ಕಾಯಾಗಿ ನಿಲ್ಲುವುದನ್ನು ‘ಕಚ್ಚು’ ಎಂದ ರೈತನ ಕಣ್ಣಿಗೆ ನಾನು ತಲೆಬಾಗುತ್ತೇನೆ.

ಹೆಚ್ಚು ಹೊತ್ತು ಹಿಡಿದದ್ದು ಸಿಮೆಂಟಿನ ಚೀಟಿ. ಗಾರೆ ಕೆಲಸದವರು ‘ಸೆಟ್ ಆಯ್ತು’ ಎನ್ನುವುದಕ್ಕೂ ‘ಗಟ್ಟಿಯಾಯ್ತು’ ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಕಲಸಿದ ಸಿಮೆಂಟು ಹರಿಯುವ ಗುಣ ಕಳೆದುಕೊಂಡು ಆಕಾರ ಹಿಡಿಯುವುದು. ಎರಡನೆಯದು ಆಮೇಲೆ ದಿನಗಟ್ಟಲೆ ನೀರುಣಿಸಿದಾಗ ಬಲ ಬರುವುದು. ಪ್ರಯೋಗಾಲಯದಲ್ಲಿ ಮೊದಲನೆಯದನ್ನು ಅಳೆಯಲು ಫ್ರಾನ್ಸಿನ ಎಂಜಿನಿಯರ್ ಲೂಯಿ ವೀಕಾ ಅವರ ಹೆಸರಿನ ಉಪಕರಣವಿದೆ. ಒಂದು ಚದರ ಮಿಲಿಮೀಟರ್ ತುದಿಯ ಸೂಜಿಯನ್ನು ಸಿಮೆಂಟಿನ ಹದದ ಮೇಲೆ ಬಿಡುತ್ತಾರೆ. ಮೊದಮೊದಲು ಅದು ತಳದವರೆಗೂ ಇಳಿಯುತ್ತದೆ. ತಳಕ್ಕೆ ಸುಮಾರು 5 ಮಿಲಿಮೀಟರ್ ಇರುವಾಗಲೇ ತಡೆದು ನಿಂತರೆ ಅದು ಆರಂಭದ ಸೆಟ್. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಭಾರತೀಯ ಮಾನಕದ ಪ್ರಕಾರ ಇದು 30 ನಿಮಿಷಕ್ಕಿಂತ ಮೊದಲು ಆಗಕೂಡದು, ಕೊನೆಯ ಸೆಟ್ 600 ನಿಮಿಷ ದಾಟಕೂಡದು. ಸಿಮೆಂಟು ಅರೆಯುವಾಗ ಜಿಪ್ಸಂ ಬೆರೆಸುವುದು ಕಲಸಿದ ಕೂಡಲೇ ಬಿಗಿದುಕೊಳ್ಳದಂತೆ ತಡೆಯುವುದಕ್ಕಾಗಿಯೇ. ಈ ಅರ್ಥಕ್ಕೆ ‘ಬಿಗಿಯುವಿಕೆ’, ‘ಘನೀಭವನ’ ಎಂಬ ಪದಗಳನ್ನು ತೂಗಿ ನೋಡಿ, ಕೊನೆಗೆ ಗಾರೆ ಕೆಲಸದವರ ‘ಸೆಟ್ ಆಗು’ ಎಂಬುದನ್ನೇ ಚೀಟಿಯ ತಲೆಯಲ್ಲಿ ಬರೆದಿದ್ದೇನೆ, ಏಕೆಂದರೆ ಕಟ್ಟಡದ ಜಾಗದಲ್ಲಿ ಕೇಳಿಬರುವ ಮಾತು ಅದೇ.

ಸೆಪ್ಟೆಂಬರ್: ಈಗ ಮೇಜಿನ ಮೇಲಿರುವುದು

ಬಾಲಂಗೋಚಿ ಸೇರಿದ ರೂಪಗಳನ್ನು ಈಗ ಎತ್ತಿಕೊಂಡಿದ್ದೇನೆ. ‘ಸೆಟ್ ಅಸೈಡ್’ ಎಂಬುದೊಂದೇ ಎರಡು ವಿರುದ್ಧ ದಿಕ್ಕಿಗೆ ಎಳೆಯುತ್ತದೆ: ಹಣವನ್ನು ಹಾಗೆ ಮಾಡಿದರೆ ಅದನ್ನು ಕಾಪಾಡಲು ತೆಗೆದಿರಿಸಿದಂತೆ, ಕೆಳ ನ್ಯಾಯಾಲಯದ ತೀರ್ಪನ್ನು ಹಾಗೆ ಮಾಡಿದರೆ ಅದನ್ನು ರದ್ದುಪಡಿಸಿದಂತೆ. ಎರಡರಲ್ಲೂ ಬದಿಗೆ ಸರಿಸುವ ಕ್ರಿಯೆ ಒಂದೇ. ಸರಿಸಿದ್ದನ್ನು ಮತ್ತೆ ಬಳಸುವ ಉದ್ದೇಶ ಇದೆಯೋ ಇಲ್ಲವೋ ಎಂಬುದರ ಮೇಲೆ ಕನ್ನಡದ ಕ್ರಿಯಾಪದ ನಿರ್ಧಾರವಾಗುತ್ತದೆ. ‘ಸೆಟ್ ಇನ್’ ಸುಲಭವಾಗಿ ಮುಗಿಯಿತು: ಮುಂಗಾರು ಕಾಲಿಡುತ್ತದೆ, ಜಡಿಮಳೆ ಹಿಡಿದುಕೊಳ್ಳುತ್ತದೆ.

‘ಸೆಟ್ ಆಫ್’ ಇನ್ನೂ ಹರಡಿಕೊಂಡೇ ಇದೆ. ಪಯಣ ಹೊರಡುವುದು, ಪಟಾಕಿ ಸಿಡಿಸುವುದು, ಒಂದು ಬಣ್ಣ ಇನ್ನೊಂದನ್ನು ಎತ್ತಿ ತೋರುವುದು, ಬರಬೇಕಾದ ಸಾಲಕ್ಕೆ ಕೊಡಬೇಕಾದದ್ದನ್ನು ವಜಾ ಮಾಡುವುದು ಎಲ್ಲವೂ ಅದರಲ್ಲಿವೆ. ದಂಡ ಪ್ರಕ್ರಿಯಾ ಸಂಹಿತೆ 1973ರ 428ನೇ ಕಲಂ, ವಿಚಾರಣೆಯ ಕಾಲದಲ್ಲಿ ಬಂಧನದಲ್ಲಿ ಕಳೆದ ದಿನಗಳನ್ನು ಶಿಕ್ಷೆಯ ಅವಧಿಯಿಂದ ಕಳೆಯುವುದಕ್ಕೂ ಇದೇ ಪದವನ್ನು ಬಳಸಿತ್ತು. ಸಾಲದ ಅರ್ಥವನ್ನೂ ಶಿಕ್ಷೆಯ ಅರ್ಥವನ್ನೂ ‘ವಜಾ’ ಎಂಬ ಒಂದೇ ತಲೆಬರಹದ ಕೆಳಗೆ ಇಡಲು ತೀರ್ಮಾನಿಸಿದ್ದೇನೆ. ಬಣ್ಣದ ಅರ್ಥಕ್ಕೆ ‘ಎದ್ದು ಕಾಣಿಸು’ ಎಂದು ಬರೆದಾಗಿದೆ. ಮುಂದಿನ ಕಂತಿನಲ್ಲಿ ‘ಸೆಟ್ ಔಟ್’ ಮತ್ತು ‘ಸೆಟ್ ಅಬೌಟ್’ ಚೀಟಿಗಳನ್ನು ಮುಗಿಸಿ, ನಾಮಪದದ ಬಣ್ಣದ ಕಾಗದಗಳಿಗೆ ಮರಳುತ್ತೇನೆ.